ಗ್ರೀಸಿನ ರೋಡ್ಸ್ ದ್ವೀಪದಲ್ಲಿ ಅರ್ಧ ದಿನ: ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ

ಅಪ್ಪ ಶಿವಮೊಗ್ಗದಲ್ಲಿ ಮೂವತ್ತು ವರ್ಷ ಸಮಾಜದ ಮೇಷ್ಟ್ರಾಗಿದ್ದವರು. ಪ್ರಾಚೀನ ಜಗತ್ತಿನ ಏಳು ಅದ್ಭುತಗಳ ಪಾಠ ಪ್ರತಿ ವರ್ಷ ಮಾಡುತ್ತಿದ್ದರು. ಅದರಲ್ಲಿ ರೋಡ್ಸಿನ ಕಂಚಿನ ವಿಗ್ರಹದ ಚಿತ್ರವನ್ನು ಬೋರ್ಡಿನ ಮೇಲೆ ತಾವೇ ಬರೆದು ತೋರಿಸುತ್ತಿದ್ದರಂತೆ. ಹೋದ ಬೇಸಿಗೆ ಅಪ್ಪ ಅಮ್ಮ ಮ್ಯೂನಿಕ್‌ನ ನಮ್ಮ ಮನೆಗೆ ಬಂದಾಗ, ಎಲ್ಲಿಗೆ ಹೋಗೋಣ ಎಂದು ಕೇಳಿದೆ. "ರೋಡ್ಸ್ ಇಲ್ಲಿಂದ ಎಷ್ಟು ದೂರ?" ಅಂದರು. ವಿಗ್ರಹ ಈಗ ಇಲ್ಲವಲ್ಲಪ್ಪ ಅಂದೆ. "ಅದು ಬಿದ್ದು ಎರಡು ಸಾವಿರ ವರ್ಷದ ಮೇಲಾಯಿತು, ನನಗೆ ಗೊತ್ತಿಲ್ವಾ? ಊರು ಇದೆಯಲ್ಲ" ಅಂದರು. ಅಲ್ಲಿಗೆ ಮಾತು ಮುಗಿಯಿತು.

ಅಮ್ಮನಿಗೆ ಮಂಡಿ ನೋವು. ಬಸ್ಸು ಹತ್ತಿ ಇಳಿದು ದಿನವಿಡೀ ಸುತ್ತುವುದು ಆಗುವ ಮಾತಲ್ಲ. ಹಾಗಾಗಿ ನಾಲ್ಕೂ ಜನಕ್ಕೆ ಸೇರಿ ಒಂದು ಕಾರು, ಐದು ಗಂಟೆಯ ಖಾಸಗಿ ಪ್ರವಾಸ ಗೊತ್ತು ಮಾಡಿದೆ. ಒಳ್ಳೆಯದೇ ಆಯಿತು. ಆದರೆ ಮೊದಲೇ ತಿಳಿದಿದ್ದರೆ ಇನ್ನೂ ಚೆನ್ನಾಗಿ ಮಾಡಬಹುದಿತ್ತು ಅನ್ನಿಸಿದ ಕೆಲವು ಸಂಗತಿಗಳಿವೆ. ಊರಿಂದ ಬಂದ ಹಿರಿಯರನ್ನು ಕರೆದುಕೊಂಡು ಹೋಗುವ ಯೋಚನೆಯಲ್ಲಿರುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ವೀಸಾ. ಗ್ರೀಸ್ ಷೆಂಗೆನ್ ಒಕ್ಕೂಟದಲ್ಲಿದೆ. ಅಪ್ಪ ಅಮ್ಮ ಜರ್ಮನಿಗೆಂದು ಪಡೆದ ವೀಸಾದಲ್ಲೇ ರೋಡ್ಸಿಗೂ ಹೋಗಿಬಂದರು, ಬೇರೆ ಅರ್ಜಿ ಹಾಕಲಿಲ್ಲ. ನೇರ ಕರ್ನಾಟಕದಿಂದ ಮುಖ್ಯವಾಗಿ ಗ್ರೀಸಿಗೆಂದೇ ಹೊರಡುವವರು ಗ್ರೀಸಿನ ಮೂಲಕವೇ ಷೆಂಗೆನ್ ವೀಸಾ ಪಡೆಯಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ವೆಚ್ಚ ಭರಿಸುವಂತಿರಬೇಕು. ಅಥೆನ್ಸಿನಿಂದ ರೋಡ್ಸಿಗೆ ವಿಮಾನದಲ್ಲಿ ಒಂದು ಗಂಟೆ. ಹಡಗಿನಲ್ಲೂ ಹೋಗಬಹುದು. ಆದರೆ ಪಿರೇಯಸ್ ಬಂದರಿನಿಂದ ಹನ್ನೆರಡು ಗಂಟೆಗೂ ಹೆಚ್ಚು ಹಿಡಿಯುತ್ತದೆ, ವಯಸ್ಸಾದವರ ಜೊತೆ ಬೇಡ.

ಈಗ ಮುಖ್ಯ ವಿಷಯ. ಅರ್ಧ ದಿನದ ಪ್ರವಾಸ ಎಂದು ಮಾರುವವರು ಸಾಮಾನ್ಯವಾಗಿ ಲಿಂಡೋಸ್, ಕಲ್ಲಿಥಿಯಾ, ಫಿಲೆರಿಮೋಸ್ ಗುಡ್ಡ, ಮಾಂಟೆ ಸ್ಮಿತ್, ಹಳೇ ಪಟ್ಟಣ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ತುಂಬಿರುತ್ತಾರೆ. ಅಷ್ಟನ್ನೂ ಐದು ಗಂಟೆಯಲ್ಲಿ ನೋಡಲು ಆಗುವುದಿಲ್ಲ, ಕಾರಿನಿಂದ ಇಳಿದು ಫೋಟೊ ತೆಗೆದು ಹತ್ತುವುದಷ್ಟೇ ಆಗುತ್ತದೆ. ಬಂಡೆಯ ಮೇಲೆ ಹಳೇ ಕೋಟೆ, ಗುಡಿ ಇರುವ ಲಿಂಡೋಸ್ ಊರು ಇರುವುದು ರೋಡ್ಸ್ ಪಟ್ಟಣದಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ. ಹೋಗಿಬರುವುದಕ್ಕೇ ಎರಡು ಗಂಟೆ ಹತ್ತಿರ ಬೇಕು. ಹಳೇ ಪಟ್ಟಣವೋ, ಕೋಟೆಯೊಳಗಿನ ಊರು. ಪ್ರವಾಸಿಗರ ಕಾರು ಒಳಗೆ ಹೋಗುವಂತಿಲ್ಲ. ನಡೆದೇ ನೋಡಬೇಕಾದ ಜಾಗಕ್ಕೆ ಕಾರಿನ ಬಾಡಿಗೆ ಯಾಕೆ ಕೊಡಬೇಕು? ಕಾರನ್ನು ದೂರದ ಲಿಂಡೋಸಿಗೂ ಏರು ಹತ್ತಬೇಕಾದ ಮಾಂಟೆ ಸ್ಮಿತ್ ಗುಡ್ಡಕ್ಕೂ ಇಟ್ಟುಕೊಳ್ಳಿ. ಹಳೇ ಪಟ್ಟಣಕ್ಕೆ ಇನ್ನೊಂದು ದಿನ ಇಡಿ. ಇದೊಂದು ಮಾತು ನೆನಪಿಟ್ಟರೂ ಸಾಕು, ನಿಮ್ಮ ದುಡ್ಡು ಉಳಿದ ಹಾಗೆ.

ಇನ್ನೊಂದು ಎಚ್ಚರಿಕೆ, ಇದನ್ನು ನಾವು ಅನುಭವಿಸಿಯೇ ಕಲಿತೆವು. ಗ್ರೀಸಿನಲ್ಲಿ ಪುರಾತನ ಸ್ಥಳಗಳ ಒಳಗೆ ವಿವರಣೆ ಕೊಡಲು ಪರವಾನಗಿ ಪಡೆದ ಗೈಡ್‌ಗಳಿಗೆ ಮಾತ್ರ ಅವಕಾಶ. ನಾನು ಬುಕ್ ಮಾಡಿದ ಕಡೆ "ಇಂಗ್ಲಿಷ್ ಬಲ್ಲ ಮಾರ್ಗದರ್ಶಕರು ಜೊತೆಗಿರುತ್ತಾರೆ" ಎಂದು ಹಾಕಿದ್ದರು. ಬಂದದ್ದು ಚಾಲಕರು. ಒಳ್ಳೆಯ ಮನುಷ್ಯ, ದಾರಿಯುದ್ದಕ್ಕೂ ಪ್ರೀತಿಯಿಂದ ಮಾತಾಡಿಸಿದರು. ಆದರೆ ಲಿಂಡೋಸಿನ ಗೇಟಿನ ಹತ್ತಿರ ಬಂದಾಗ "ನಾನು ಇಲ್ಲೇ ಕಾಯುತ್ತೇನೆ, ಒಳಗೆ ಬಂದು ಹೇಳುವ ಹಾಗಿಲ್ಲ" ಅಂದರು. ಅಪ್ಪನ ಮುಖ ಸಪ್ಪಗಾಯಿತು. ಅಪ್ಪ ಮೊದಲೇ ಓದಿಕೊಂಡು ಬಂದಿದ್ದರಿಂದ ನಮಗೆ ಅಷ್ಟಾಗಿ ನಷ್ಟವಾಗಲಿಲ್ಲ, ಆದರೆ ಎಲ್ಲರ ಜೊತೆಗೂ ಒಬ್ಬ ಸಮಾಜದ ಮೇಷ್ಟ್ರು ಇರುವುದಿಲ್ಲ. ಬುಕ್ ಮಾಡುವಾಗ ನೇರವಾಗಿ ಕೇಳಿ: ಬರುವವರು ಬರೀ ಚಾಲಕರೋ, ಪರವಾನಗಿ ಇರುವ ಗೈಡೋ? ಬಾಡಿಗೆ ತಲೆಗೋ, ಕಾರಿಗೋ? ಪ್ರವೇಶದ ಟಿಕೆಟ್ ಅದರಲ್ಲೇ ಸೇರಿದೆಯೋ? ಬಹಳ ಸಲ ಸೇರಿರುವುದಿಲ್ಲ. ದಾರಿಯಲ್ಲಿ ಮಡಿಕೆ, ಸೆರಾಮಿಕ್ ಅಂಗಡಿಗಳಲ್ಲಿ ನಿಲ್ಲಿಸುವ ರೂಢಿಯೂ ಇದೆ. ನಿಮಗೆ ಬೇಡವಾದರೆ ಹೊರಡುವಾಗಲೇ ಹೇಳಿಬಿಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಾವು ಹೋದದ್ದು ಮೇ ಕೊನೆಯ ವಾರ. ಬೆಳಿಗ್ಗೆ ಏಳೂವರೆಗೆ ಹೋಟೆಲಿನಿಂದ ಹೊರಟೆವು. ಈ ಹೊತ್ತನ್ನು ಮಾತ್ರ ಬಿಟ್ಟುಕೊಡಬೇಡಿ. ಹತ್ತು ಗಂಟೆಯ ಮೇಲೆ ದೊಡ್ಡ ಹಡಗುಗಳಿಂದ ಇಳಿದವರ ಬಸ್ಸುಗಳು ಸಾಲಾಗಿ ಬರುತ್ತವೆ. ಬಿಸಿಲೂ ಏರುತ್ತದೆ. ಜುಲೈ, ಆಗಸ್ಟಿನಲ್ಲಿ ಬಿಸಿಗಾಳಿ ಬಂದ ದಿನಗಳಲ್ಲಿ ಮಧ್ಯಾಹ್ನ ಇಂಥ ಸ್ಥಳಗಳನ್ನು ಮುಚ್ಚಿಬಿಡುವುದೂ ಉಂಟು.

ರಸ್ತೆಯ ಕೊನೆಯ ತಿರುವಿನಲ್ಲಿ ಲಿಂಡೋಸ್ ಒಮ್ಮೆಲೇ ಕಾಣುತ್ತದೆ. ಸಮುದ್ರದಿಂದ 116 ಮೀಟರ್ ಎತ್ತರಕ್ಕೆ ಎದ್ದ ಬಂಡೆ, ಅದರ ತಲೆಯ ಮೇಲೆ ಕೋಟೆ, ಬುಡದಲ್ಲಿ ಸುಣ್ಣ ಬಳಿದ ಬಿಳಿ ಮನೆಗಳು. ಅಲ್ಲಿ ಕಾರು ನಿಲ್ಲಿಸಲು ಹೇಳಿ, ಊರಿನ ಪೂರ್ತಿ ನೋಟ ಅಲ್ಲಿಂದ ಚೆನ್ನಾಗಿದೆ. ಊರೊಳಗೆ ಗಾಡಿ ಹೋಗುವುದಿಲ್ಲ. ಓಣಿಗಳು ಅಷ್ಟು ಕಿರಿದು. ಮೇಲಕ್ಕೆ ಹೋಗಲು ಕತ್ತೆಗಳು ಸಿಗುತ್ತವೆ. ಅಮ್ಮ ಅವುಗಳ ಹತ್ತಿರ ಹೋಗಿ ಒಂದರ ಹಣೆ ಸವರಿ, "ಪಾಪ, ಇದರ ಕಾಲೂ ನನ್ನ ಕಾಲಿನ ಹಾಗೇ ಇರಬೇಕು" ಎಂದು ನಡೆದೇ ಹೊರಟರು. ನನಗೂ ಅದೇ ಸರಿ ಅನ್ನಿಸಿತು. ಸುಮಾರು ಮುನ್ನೂರು ಮೆಟ್ಟಿಲು. ನಿಧಾನವಾಗಿ ಕೂತು ಎದ್ದು ಹತ್ತಿದರೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಚಪ್ಪಲಿ ಬೇಡ, ಅಡಿ ಹಿಡಿಯುವ ಶೂ ಬೇಕೇ ಬೇಕು. ಲಕ್ಷಾಂತರ ಜನ ತುಳಿದು ಕಲ್ಲು ಕನ್ನಡಿಯಂತೆ ನುಣುಪಾಗಿದೆ, ಒಣಗಿದ್ದಾಗಲೂ ಜಾರುತ್ತದೆ.

ಗೇಟು ದಾಟಿ ಸ್ವಲ್ಪ ಹತ್ತಿದರೆ, ಕೋಟೆಯ ಕಡಿದಾದ ಮೆಟ್ಟಿಲು ಶುರುವಾಗುವ ಮುಂಚೆ ಎಡಗಡೆ ಬಂಡೆಯಲ್ಲೇ ಕೆತ್ತಿದ ಹಡಗು ಇದೆ. ಜನ ಮೇಲೆ ನೋಡುತ್ತಾ ಇದನ್ನು ದಾಟಿ ಹೋಗಿಬಿಡುತ್ತಾರೆ. ಯುದ್ಧನೌಕೆಯ ಹಿಂಭಾಗ, ಬಾಗಿ ಮೇಲೇರಿದ ಅದರ ತುದಿ, ಚುಕ್ಕಾಣಿಯ ಹುಟ್ಟು, ಚುಕ್ಕಾಣಿಗಾರ ಕೂರುವ ಜಾಗ ಎಲ್ಲಾ ಸ್ಪಷ್ಟವಾಗಿ ಕಾಣುತ್ತವೆ. ಕ್ರಿಸ್ತಪೂರ್ವ 180ರ ಸುಮಾರಿನದು, ಪಿಥೊಕ್ರಿಟೋಸ್ ಎಂಬ ಶಿಲ್ಪಿಯ ಕೆಲಸ. ಹಡಗಿನ ಮೇಲೆ ನೌಕಾಪಡೆಯ ನಾಯಕನೊಬ್ಬನ ಪ್ರತಿಮೆ ನಿಂತಿತ್ತಂತೆ, ಈಗ ಹಡಗು ಮಾತ್ರ ಉಳಿದಿದೆ. ಅಮ್ಮ ಅಲ್ಲಿಗೇ ಸಾಕು ಅಂದರು. ಗೋಡೆಯ ನೆರಳಲ್ಲಿ ಕೂತು, ನಾವು ಮೇಲೆ ಹೋಗಿ ಬರುವವರೆಗೂ ಆ ಹಡಗನ್ನೇ ನೋಡುತ್ತಿದ್ದರು. ಮಂಡಿ ನೋವಿರುವವರಿಗೆ ನಾನು ಹೇಳುವುದು ಇಷ್ಟೇ: ಇಲ್ಲಿಯವರೆಗೆ ಬಂದರೂ ಲಿಂಡೋಸ್ ನೋಡಿದ ಹಾಗೆಯೇ. ಮುಂದಿನ ಮೆಟ್ಟಿಲು ಬಹಳ ಕಡಿದು, ಇಳಿಯುವಾಗ ಇನ್ನೂ ಕಷ್ಟ.

ಮೇಲೆ ಅಥೀನಾ ದೇವಿಯ ಗುಡಿ ಬಂಡೆಯ ತೀರಾ ಅಂಚಿನಲ್ಲಿದೆ. ದೊಡ್ಡದೇನಲ್ಲ. ಅದಕ್ಕೆ ಹೋಗುವ ಅಗಲವಾದ ಮೆಟ್ಟಿಲು, ಕಂಬಸಾಲು, ಕೆಳಗೆ ಸಂತ ಪಾಲನ ಹೆಸರಿನ ಪುಟ್ಟ ಕೊಲ್ಲಿಯ ಹಸಿರು ನೀರು, ಇವೆಲ್ಲಾ ಸೇರಿ ಅದಕ್ಕೆ ಆ ಗಾಂಭೀರ್ಯ ಬಂದಿದೆ. ಅಪ್ಪನಿಗೆ ಇಲ್ಲಿ ಹೆಚ್ಚು ಇಷ್ಟವಾದದ್ದು ಈಗ ಇಲ್ಲಿ ಇಲ್ಲದ ಒಂದು ಕಲ್ಲು. ಡೆನ್ಮಾರ್ಕಿನ ವಿದ್ವಾಂಸರು ಇಲ್ಲಿ ಅಗೆದಾಗ 1904ರಲ್ಲಿ ಒಂದು ಉದ್ದನೆಯ ಶಾಸನ ಸಿಕ್ಕಿತು. ಕ್ರಿಸ್ತಪೂರ್ವ 99ರದು. ಈ ಗುಡಿಗೆ ಯಾರು ಯಾರು ಏನೇನು ಕಾಣಿಕೆ ಒಪ್ಪಿಸಿದ್ದರು ಎಂಬ ಪಟ್ಟಿ ಅದು. ಪುರಾಣದ ವೀರರಿಂದ ಹಿಡಿದು ಈಜಿಪ್ಟಿನ ಅರಸ ಅಮಾಸಿಸ್‌ವರೆಗೆ ಹೆಸರುಗಳಿವೆ. ಕಾಣಿಕೆಗಳು ಅಷ್ಟು ಹೊತ್ತಿಗಾಗಲೇ ಹೆಚ್ಚಿನವು ಹಾಳಾಗಿದ್ದವು, ಲೆಕ್ಕವಾದರೂ ಉಳಿಯಲಿ ಎಂದು ಊರಿನವರು ಕೆತ್ತಿಸಿದ್ದರು. ಬಳ್ಳಿಗಾವೆಯ ದಾನಶಾಸನಗಳನ್ನು ಬೆರಳಿಟ್ಟು ಓದಿದ ಅಪ್ಪ, ಬಿಸಿಲಲ್ಲಿ ನಿಂತು ಇದನ್ನು ನನಗೂ ನನ್ನ ಹೆಂಡತಿಗೂ ಹೇಳುವಾಗ ಅವರ ದನಿ ತರಗತಿಯ ದನಿಯೇ ಆಗಿತ್ತು. ಕಂಚಿನ ಮಹಾವಿಗ್ರಹ ಮಾಡಿದ ಖಾರೆಸ್ ಕೂಡ ಈ ಲಿಂಡೋಸಿನವನೇ ಎಂದು ಕೊನೆಗೆ ಸೇರಿಸಿದರು.

ಇಳಿದ ಮೇಲೆ ಊರೊಳಗಿನ ಪನಾಗಿಯಾ ಚರ್ಚಿಗೆ ಹೋಗಿ. ನೆಲವೆಲ್ಲ ಸಮುದ್ರದ ಕಪ್ಪು ಬಿಳಿ ಬೆಣಚುಕಲ್ಲು. ಒಂದೊಂದನ್ನೂ ಲಂಬವಾಗಿ ನಿಲ್ಲಿಸಿ, ಒತ್ತೊತ್ತಾಗಿ ಹೂಳಿ ಚಿತ್ತಾರ ಮಾಡಿದ್ದಾರೆ. ರಂಗೋಲಿ ನೋಡಿದ ಹಾಗೆ ಅಮ್ಮ ಬಗ್ಗಿ ನೋಡಿ, ಗೆರೆ ಎಲ್ಲಿಂದ ಶುರುವಾಗಿದೆ ಎಂದು ಹುಡುಕಿದರು. ಚರ್ಚಿನೊಳಗೆ ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ.

ವಾಪಸ್ಸು ಬರುವಾಗ ಕಲ್ಲಿಥಿಯಾದಲ್ಲಿ ಇಪ್ಪತ್ತು ನಿಮಿಷ ನಿಂತೆವು. ಇಟಲಿಯವರ ಆಳ್ವಿಕೆಯಲ್ಲಿ ಕಟ್ಟಿದ ಸ್ನಾನಗೃಹ, ಚೆಂದವಾಗಿದೆ, ಸಮಯವಿಲ್ಲದಿದ್ದರೆ ಬಿಡಬಹುದು. ಮಾಂಟೆ ಸ್ಮಿತ್ ಬಿಡಬೇಡಿ. ಗುಡ್ಡದ ಮೇಲಿನವರೆಗೂ ಕಾರು ಹೋಗುತ್ತದೆ, ಟಿಕೆಟ್ ಇಲ್ಲ. ಅಪೋಲೊ ಗುಡಿಯ ಎತ್ತಿ ನಿಲ್ಲಿಸಿದ ಕಂಬಗಳು, ಹಳೆಯ ಓಟದ ಮೈದಾನ, ಅದರ ಪಕ್ಕ ಪುಟ್ಟ ಅಮೃತಶಿಲೆಯ ರಂಗಮಂಟಪ. ಒಂದು ಕಾಲದಲ್ಲಿ ಭಾಷಣಕಲೆ ಕಲಿಯಲು ರೋಮಿನಿಂದ ಸಿಸೆರೊ, ಸೀಸರ್ ಅಂಥವರು ಈ ಪಟ್ಟಣಕ್ಕೆ ಬಂದಿದ್ದರು. ಅಮ್ಮ ಇಲ್ಲಿ ಮೆಟ್ಟಿಲ ಗೊಡವೆಯಿಲ್ಲದೆ ಆರಾಮವಾಗಿ ಓಡಾಡಿದರು. ಕೆಳಗಿನ ಮಂಡ್ರಾಕಿ ಬಂದರಿನಲ್ಲಿ ಕಂಬಗಳ ಮೇಲೆ ಎರಡು ಜಿಂಕೆ ಪ್ರತಿಮೆಗಳಿವೆ, ಮಹಾವಿಗ್ರಹ ಬಂದರಿನ ಆಚೆ ಈಚೆ ಕಾಲಿಟ್ಟು ನಿಂತಿತ್ತು ಎಂದು ತೋರಿಸುವ ಜಾಗ. ಹಾಗೆ ನಿಲ್ಲಿಸಲು ಸಾಧ್ಯವೇ ಇರಲಿಲ್ಲ ಅನ್ನುತ್ತಾರೆ ತಿಳಿದವರು. ಸುಮಾರು 33 ಮೀಟರ್ ಎತ್ತರದ ಆ ವಿಗ್ರಹ ಕ್ರಿಸ್ತಪೂರ್ವ 226ರ ಭೂಕಂಪದಲ್ಲಿ ಮಂಡಿಯ ಹತ್ತಿರ ಮುರಿದು ಬಿತ್ತು. ಎಲ್ಲಿತ್ತು ಅನ್ನುವುದು ಇವತ್ತಿಗೂ ತೀರ್ಮಾನವಾಗಿಲ್ಲ. ಅಪ್ಪ ಎರಡೂ ಜಿಂಕೆಗಳ ಮಧ್ಯದ ನೀರನ್ನು ನೋಡುತ್ತಾ ಬಹಳ ಹೊತ್ತು ನಿಂತರು. "ಬೋರ್ಡ್ ಮೇಲೆ ನಾನು ತಪ್ಪು ಚಿತ್ರ ಬರೀತಿದ್ದೆ" ಅಂದರು.

ಊಟದ ಚಿಂತೆ ಸಸ್ಯಾಹಾರಿಗಳಿಗೆ ಬೇಡ. "ನಿಸ್ತೀಸಿಮೊ" ಎಂಬ ಪದ ಕಲಿತುಕೊಳ್ಳಿ. ಅವರ ವ್ರತದ ಅಡುಗೆ ಅದು, ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ. ಆದರೆ ಸಿಗಡಿ, ಕಪ್ಪೆಚಿಪ್ಪಿನಂಥವನ್ನು ವ್ರತದಲ್ಲೂ ತಿನ್ನುತ್ತಾರೆ, ಅದನ್ನು ಬಿಡಿಸಿ ಕೇಳಿ. ಈ ದ್ವೀಪದ್ದೇ ತಿಂಡಿ ಪಿತಾರೂದ್ಯಾ, ಕಡಲೆಕಾಳು ರುಬ್ಬಿ ಈರುಳ್ಳಿ, ಪುದೀನ ಹಾಕಿ ಕರಿಯುತ್ತಾರೆ. ಅಮ್ಮ ಒಂದು ತುತ್ತು ತಿಂದು "ಅಂಬೊಡೆ!" ಅಂದರು. ಮೆಲೆಕೂನಿ ಎಂದರೆ ಎಳ್ಳು, ಜೇನುತುಪ್ಪದ ಸಿಹಿ, ಮದುವೆಗಳಲ್ಲಿ ಹಂಚುತ್ತಾರೆ. ಸಂಕ್ರಾಂತಿಯ ಎಳ್ಳು ತಿಂದವರಿಗೆ ಅಪರಿಚಿತ ಅನ್ನಿಸುವುದಿಲ್ಲ. ಊರಿಗೆ ಒಯ್ಯಲು ಅದಕ್ಕಿಂತ ಒಳ್ಳೆಯದು ಬೇರೆ ಸಿಗಲಿಲ್ಲ.

ಹಳೇ ಪಟ್ಟಣವನ್ನು ಮರುದಿನ ನಡೆದು ನೋಡಿದೆವು. ಇಲ್ಲೊಂದು ಉಪಾಯ ಇದೆ. ಟ್ಯಾಕ್ಸಿಯಲ್ಲಿ ದ'ಅಂಬ್ವಾಸ್ ಬಾಗಿಲ ಹತ್ತಿರ ಇಳಿದುಕೊಳ್ಳಿ. ಅಲ್ಲಿಂದ ಮಹಾಗುರುವಿನ ಅರಮನೆ ಹತ್ತಿರ. ಮಹಾಗುರು ಎಂದರೆ ಹಿಂದೆ ಈ ಊರನ್ನು ಆಳಿದ ನೈಟ್‌ಗಳೆಂಬ ಕ್ರೈಸ್ತ ಯೋಧರ ಮುಖ್ಯಸ್ಥ. ಅರಮನೆ ನೋಡಿ ನೈಟ್‌ಗಳ ಬೀದಿಯಲ್ಲಿ ಇಳಿಯುತ್ತಾ ಬಂದರೆ ಕೆಳಗೆ ಅವರ ಹಳೇ ಆಸ್ಪತ್ರೆ, ಈಗಿನ ಪುರಾತತ್ವ ವಸ್ತುಸಂಗ್ರಹಾಲಯ. ಬಂದರಿನ ಕಡೆಯಿಂದ ಶುರು ಮಾಡಿದರೆ ಇದೇ ದಾರಿ ಏರು. 1309ರ ಹೊತ್ತಿಗೆ ಇಲ್ಲಿ ನೆಲೆಯೂರಿದ ಸಂತ ಜಾನ್ ಪಂಥದ ನೈಟ್‌ಗಳು, ಒಟ್ಟೋಮನ್ ತುರ್ಕರ ಸುಲ್ತಾನ ಸುಲೇಮಾನ್ 1522ರಲ್ಲಿ ಮುತ್ತಿಗೆ ಹಾಕಿ ಗೆಲ್ಲುವವರೆಗೂ ಇದ್ದರು. ಅರಮನೆ 1856ರಲ್ಲಿ ಸಿಡಿಮದ್ದು ಸ್ಫೋಟಿಸಿ ಹಾಳಾಗಿ, ಇಟಲಿಯವರ ಕಾಲದಲ್ಲಿ ಮತ್ತೆ ಎದ್ದದ್ದು. ಒಳಗಿನ ನೆಲದ ಚಿತ್ತಾರಗಳಲ್ಲಿ ಬಹಳಷ್ಟು ಪಕ್ಕದ ಕೋಸ್ ದ್ವೀಪದಿಂದ ಕಿತ್ತು ತಂದವು. ಇಲ್ಲಿ ಮಾತ್ರ ಎರಡು ಗಂಟೆಗೆ ಪರವಾನಗಿ ಇರುವ ಗೈಡ್ ಒಬ್ಬರನ್ನು ಗೊತ್ತು ಮಾಡಿದೆವು. ಆ ದುಡ್ಡು ಸಾರ್ಥಕವಾಯಿತು.

ಕೊನೆಗೆ ಅವರು ಕರೆದುಕೊಂಡು ಹೋದದ್ದು ಯಹೂದಿ ಹುತಾತ್ಮರ ಚೌಕಕ್ಕೆ. ಅಲ್ಲಿ ಕಪ್ಪು ಕಲ್ಲಿನ ಸ್ಮಾರಕವಿದೆ. 1944ರ ಜುಲೈನಲ್ಲಿ ಈ ಬೀದಿಗಳಿಂದ ಸಾವಿರದ ಆರುನೂರಕ್ಕೂ ಹೆಚ್ಚು ಯಹೂದಿಗಳನ್ನು ನಾಜಿಗಳು ಹಡಗಿಗೆ ತುಂಬಿ ಆಶ್ವಿಟ್ಜ್ ಮರಣಶಿಬಿರಕ್ಕೆ ಸಾಗಿಸಿದರು. ಬದುಕಿ ಉಳಿದವರು ಸುಮಾರು ನೂರೈವತ್ತು ಜನ. ಹತ್ತಿರದ ಓಣಿಯಲ್ಲೇ 1577ರ ಕಹಾಲ್ ಶಾಲೋಮ್ ಪ್ರಾರ್ಥನಾ ಮಂದಿರ ಇದೆ. ಅಪ್ಪ ಅದನ್ನು ನೋಡಲೇಬೇಕು ಅಂದರು. ಹೋದರೆ ಬಾಗಿಲು ಹಾಕಿತ್ತು, ಅವತ್ತು ಶನಿವಾರ. ಹೊರಗೇ ನಿಂತು ಕೈ ಮುಗಿದು ಬಂದೆವು. ನೀವು ಹಳೇ ಪಟ್ಟಣಕ್ಕೆ ದಿನ ಗೊತ್ತು ಮಾಡುವಾಗ ಶನಿವಾರ ಬಿಟ್ಟು ಬೇರೆ ದಿನ ಇಟ್ಟುಕೊಳ್ಳಿ.