ಬನವಾಸಿ ಇಲ್ಲೇ ಇರುವಾಗ ಸ್ಟೋನ್‌ಹೆಂಜ್ ಯಾಕೆ?

ನಮ್ಮ ಮನೆಯ ಜಗಲಿಗೆ ಬಂದವರು ಕವಳದ ತಬಕನ್ನು ಹತ್ತಿರ ಎಳೆದುಕೊಳ್ಳುತ್ತಲೇ ಕೇಳುವ ಮಾತು ಒಂದೇ: "ಶಿರಸಿಯಲ್ಲಿ ಬಸ್ಸು ಹತ್ತಿದರೆ ತಾಸಿನೊಳಗೆ ಬನವಾಸಿ. ಅದನ್ನು ಬಿಟ್ಟು ಇಂಗ್ಲೆಂಡಿನ ಕಲ್ಲು ಯಾಕೆ ಹೆಗಡೆಯವರೇ?" ಮೂರಡಿ ಚೌಕದ ಹಲಗೆಯ ಮೇಲೆ ನಿಂತಿರುವ ಸ್ಟೋನ್‌ಹೆಂಜ್ ಎಂಬ ಪುರಾತನ ಕಲ್ಲುವೃತ್ತದ ಮಾದರಿಯನ್ನು ನೋಡಿದವರಲ್ಲಿ ಬಹುಪಾಲು ಜನ ಹೀಗೇ ಕೇಳುತ್ತಾರೆ. ಉಳಿದವರು ಎಷ್ಟು ಖರ್ಚಾಯಿತು ಎನ್ನುತ್ತಾರೆ. ಭಾವ ಮಾತ್ರ ಎರಡನ್ನೂ ಕೇಳಿ, ಉತ್ತರಕ್ಕೆ ಕಾಯದೆ, "ಈ ವರ್ಷ ತೋಟಕ್ಕೆ ಗೊಬ್ಬರ ಹಾಕಿಸಿದೆಯೋ ಇಲ್ಲವೋ?" ಎಂದು ಸೇರಿಸುತ್ತಾರೆ. ಗೊಬ್ಬರ ಹಾಕಿಸಿದ್ದೇನೆ. ಮೊದಲ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ.

ಸುಲಭದ ಕಾರಣ ಮೊದಲು ಹೇಳಿಬಿಡುತ್ತೇನೆ. ಮಧುಕೇಶ್ವರ ದೇವಸ್ಥಾನವನ್ನು ಐವತ್ತರಲ್ಲಿ ಒಂದು ಪಾಲಿಗೆ ಇಳಿಸಿದರೆ ಅಲ್ಲಿನ ಕಲ್ಲಿನ ಮಂಚ ಬೆಂಕಿಪೊಟ್ಟಣದ ಆಸುಪಾಸಿಗೆ ಬರುತ್ತದೆ. ಆ ಮಂಚದ ಕಾಲುಗಳ ಮೇಲಿನ ಕೆತ್ತನೆಯನ್ನು, ಮಂಟಪದ ಕಂಬಗಳ ನುಣುಪನ್ನು ಅಷ್ಟು ಚಿಕ್ಕದರಲ್ಲಿ ತೋರಿಸುವುದಕ್ಕೆ ನಮ್ಮ ಶಿರಸಿಯ ಗುಡಿಗಾರರ ಕೈ ಬೇಕು. ಗಂಧದ ತುಂಡಿನಲ್ಲಿ ಬಳ್ಳಿ ಹಬ್ಬಿಸಿ, ಹಕ್ಕಿ ಕೂರಿಸುವ ಮನೆತನದವರು ಅವರು. ನನ್ನದು ಕತ್ತಿ ಹಿಡಿದ ಕೈ. ನೇರ ಗೆರೆ ಎಳೆಯಬಲ್ಲೆ, ಮೂಲೆ ಕೂಡಿಸಬಲ್ಲೆ, ಅಷ್ಟೇ.

ಆದರೆ ಕೈ ಪಳಗಿದ್ದರೂ ಬನವಾಸಿಯನ್ನು ಮಾಡುತ್ತಿರಲಿಲ್ಲ. ಅದು ಪೂಜೆ ನಡೆಯುವ ಜಾಗ. ಕದಂಬರಿಂದ ಹಿಡಿದು ಸೋದೆಯ ಅರಸರ ತನಕ ಬಂದವರೆಲ್ಲ ಏನಾದರೊಂದು ಸೇರಿಸುತ್ತ ಹೋದ, ಇಂದಿಗೂ ಗಂಟೆ ಬಾರಿಸುವ ಮನೆ. ಮಂಟಪದ ದೊಡ್ಡ ನಂದಿಯ ಒಂದು ಕಣ್ಣು ಮಧುಕೇಶ್ವರನ ಮೇಲೆ, ಇನ್ನೊಂದು ಪಾರ್ವತಿಯ ಗುಡಿಯ ಮೇಲೆ ಎನ್ನುತ್ತಾರಲ್ಲ, ಅದನ್ನು ತಿಳಿಯಲು ನಾನು ಮಾದರಿ ಮಾಡಬೇಕಾಗಿಲ್ಲ. ಹೋಗಿ ನಂದಿಯ ಪಕ್ಕ ನಿಂತರೆ ಸಾಕು. ಕಣ್ಣಿಗೆ, ಕೈಗೆ ಸಿಗುವುದನ್ನು ಥರ್ಮೋಕೋಲಿನಲ್ಲಿ ಮತ್ತೆ ಮಾಡುವುದು ಗಣಪತಿ ಹಬ್ಬದ ಮಂಟಪಕ್ಕೆ ಚೆಂದ. ಹೋಗಲಾಗದ, ಹೋದರೂ ಬಹುಪಾಲು ಹಗ್ಗದ ಆಚೆಯಿಂದಲೇ ನೋಡಬೇಕಾದ ಕಲ್ಲುಗಳನ್ನು ತಿಳಿಯುವುದಕ್ಕೆ ನನಗಿರುವ ದಾರಿ ಇದೊಂದೇ: ಒಂದೊಂದನ್ನೂ ನಾನೇ ಕೊರೆದು ನಿಲ್ಲಿಸುವುದು.

ಇನ್ನು ಅಳತೆಯ ವಿಷಯಕ್ಕೆ ಬರುತ್ತೇನೆ. ನನಗೆ ಹುಚ್ಚು ಹಿಡಿಸಿದ್ದೇ ಅದು.

ಇಂಗ್ಲೆಂಡಿನ ದಕ್ಷಿಣದಲ್ಲಿ, ವಿಲ್ಟ್‌ಶೈರ್ ಜಿಲ್ಲೆಯ ಸಾಲಿಸ್ಬರಿ ಬಯಲಿನಲ್ಲಿ ಈ ಕಲ್ಲುಗಳಿವೆ. ಸುಮಾರು ಕ್ರಿ.ಪೂ. 3000ದಲ್ಲಿ ಮೊದಲು ಅಗೆದದ್ದು ವೃತ್ತಾಕಾರದ ಅಗಳು, ಅದರ ಮಣ್ಣಿನಿಂದಲೇ ಎದ್ದ ದಿಬ್ಬ. ಅಡ್ಡಳತೆ ಸುಮಾರು 110 ಮೀಟರ್. ನಾವೆಲ್ಲ ಚಿತ್ರದಲ್ಲಿ ಕಾಣುವ ದೊಡ್ಡ ಕಲ್ಲುಗಳು ನಿಂತದ್ದು ಅದಾಗಿ ಐನೂರು ವರ್ಷಕ್ಕೆ, ಕ್ರಿ.ಪೂ. 2500ರ ಹೊತ್ತಿಗೆ. ಹೊರಗೆ ಮೂವತ್ತು ಕಂಬಗಳ ಒಂದು ಸುತ್ತು, ಆ ಕಂಬಗಳ ತಲೆಯ ಮೇಲೆ ಒಂದಕ್ಕೊಂದು ಕೂಡಿಕೊಂಡ ಮೂವತ್ತು ತೊಲೆಗಳು. ಒಳಗೆ ಕುದುರೆ ಲಾಳದ ಆಕಾರದಲ್ಲಿ ಐದು ಟ್ರೈಲಿಥಾನ್, ಅಂದರೆ ಎರಡು ಕಂಬ, ಮೇಲೊಂದು ತೊಲೆ. ಸುತ್ತಿನ ಅಡ್ಡಳತೆ 33 ಮೀಟರ್. ಐವತ್ತರಲ್ಲಿ ಒಂದು ಪಾಲಿಗೆ ಇಳಿದು ನನ್ನ ಹಲಗೆಯ ಮೇಲೆ 66 ಸೆಂಟಿಮೀಟರ್. ಹೊರಗಂಬದ ಎತ್ತರ ನಾಲ್ಕು ಮೀಟರಿಗೆ ಸ್ವಲ್ಪ ಹೆಚ್ಚು. ನನ್ನದು ಎಂಟು ಸೆಂಟಿಮೀಟರ್ ಚಿಲ್ಲರೆ. ಅಗಳು ಮತ್ತು ದಿಬ್ಬ ಸೇರಿಸಿದರೆ ಹಲಗೆ ಎರಡು ಮೀಟರ್ ದಾಟುತ್ತಿತ್ತು, ನಮ್ಮ ಮನೆಯ ಹಳೆಯ ಬಾಗಿಲಲ್ಲಿ ತೂರುತ್ತಿರಲಿಲ್ಲ. ಹಾಗಾಗಿ ಅದನ್ನು ಬಿಟ್ಟೆ. ಹೀಲ್ ಸ್ಟೋನ್ ಎಂಬ ಒಂಟಿ ಬಂಡೆ ಮಾತ್ರ ಬಿಡಲು ಮನಸ್ಸಾಗಲಿಲ್ಲ. ಅದು ವೃತ್ತದ ನಡುವಿನಿಂದ 77 ಮೀಟರ್ ದೂರ, ನನ್ನ ಲೆಕ್ಕದಲ್ಲಿ ಒಂದೂವರೆ ಮೀಟರ್ ಮೇಲೆ. ಅಳತೆಗೆ ಸರಿಯಾಗಿ ಅದು ಜಗಲಿಯ ಒಳಗೋಡೆಯ ಕಿಟಕಿಯ ದಂಡೆಯ ಮೇಲೆ ಬಂದು ಕೂತಿದೆ. ಆಯಿ ಕಸ ಗುಡಿಸುವಾಗ ಅದನ್ನು ಎತ್ತಿ ಪಕ್ಕಕ್ಕಿಡುತ್ತಾರೆ. ಪೆನ್ಸಿಲ್ ಗುರುತು ನೋಡಿ ನಾನು ಮತ್ತೆ ಸರಿ ಮಾಡುತ್ತೇನೆ.

ಎತ್ತರ ಐವತ್ತು ಪಟ್ಟು ಇಳಿದರೆ ತೂಕ ಐವತ್ತು ಪಟ್ಟಲ್ಲ, ಒಂದೂಕಾಲು ಲಕ್ಷ ಪಟ್ಟು ಇಳಿಯುತ್ತದೆ. ಹೊರಸುತ್ತಿನ ಒಂದು ಕಂಬ ಸುಮಾರು 25 ಟನ್. ಅದೇ ಕಲ್ಲಿನಲ್ಲಿ ಮಾಡಿದ್ದರೆ ನನ್ನ ಕಂಬ 200 ಗ್ರಾಂ ತೂಗುತ್ತಿತ್ತು. ನಾನು ಬಳಸಿದ್ದು ಈಗ ಮನೆ ಕಟ್ಟಲು ಬರುವ ಹಗುರವಾದ ಬೂದು ಸಿಮೆಂಟ್ ಇಟ್ಟಿಗೆ. ನೀರಿನಲ್ಲಿ ಹಾಕಿದರೆ ತೇಲುವಂಥದ್ದು. ಅದರಲ್ಲಿ ಕಂಬ ಐವತ್ತು ಗ್ರಾಂ ಆಸುಪಾಸು. ಲೋಹ ಕೊಯ್ಯುವ ಗರಗಸದ ಮುರಿದ ಅಲಗಿನಿಂದ ಬೆಣ್ಣೆಯ ಹಾಗೆ ಕೊಯ್ಯಬಹುದು. ಮೈತುಂಬ ಗುಳ್ಳೆಗಳಿರುತ್ತವೆ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಸಾರ್ಸನ್ ಎಂಬ ಆ ಗಡಸು ಮರಳುಗಲ್ಲಿನ ಮೈಯೂ ಅಲ್ಲಲ್ಲಿ ತೂತು ತೂತೇ. ಅತಿ ದೊಡ್ಡ ಗುಳ್ಳೆಗಳಿಗೆ ಮಾತ್ರ ಗೋಡೆಯ ಪುಟ್ಟಿ ಮೆತ್ತಿ, ಉಳಿದದ್ದನ್ನು ಹಾಗೇ ಬಿಟ್ಟಿದ್ದೇನೆ.

ಕಲ್ಲಿನ ಬಣ್ಣವನ್ನು ಡಬ್ಬಿಯಿಂದ ತೆಗೆದದ್ದಲ್ಲ. ಸ್ಟೋನ್‌ಹೆಂಜ್ ಕಲ್ಲುಗಳ ಮೇಲೆ ಎಪ್ಪತ್ತಕ್ಕೂ ಹೆಚ್ಚು ಬಗೆಯ ಕಲ್ಲುಹೂವು ಬೆಳೆದಿದೆಯಂತೆ. ನಮ್ಮಲ್ಲಿ ಅದಕ್ಕೆ ಬರವೇ? ಯಾವ ಅಡಿಕೆ ಮರದ ಕಾಂಡ ನೋಡಿದರೂ ಬಿಳಿ, ತಿಳಿಹಸಿರು, ಬೂದಿ ಬಣ್ಣದ ಮಚ್ಚೆಗಳು. ಮರದ ಮುಂದೆ ನಿಂತು ಮಚ್ಚೆಯ ಅಂಚು ಹೇಗೆ ಒಡೆದಿದೆ ಎಂದು ನೋಡಿಯೇ ಬಣ್ಣ ಹಚ್ಚಿದೆ. ಕೆಲವು ಕಡೆ ಮಸಾಲೆಯ ಕಲ್ಲುಹೂವನ್ನೇ ಕೈಯಲ್ಲಿ ತಿಕ್ಕಿ ಪುಡಿ ಮಾಡಿ ಅಂಟಿನ ಮೇಲೆ ಉದುರಿಸಿದೆ. ಮಾದರಿಯ ಹತ್ತಿರ ಮೂಗು ತಂದವರಿಗೆ ಸಾರಿನ ಪರಿಮಳ ಬರುವುದು ಅದಕ್ಕೇ.

ಹುಲ್ಲು ಇನ್ನೂ ತಮಾಷೆ. ಅಲ್ಲಿನ ನೆಲ ಸುಣ್ಣಗಲ್ಲು. ಹುಲ್ಲಿನ ಚಾಪೆ ಎತ್ತಿದರೆ ಕೆಳಗೆ ಬೆಳ್ಳಗೆ. ಅಗಳು ತೋಡಿದ ಹೊಸದರಲ್ಲಿ ದಿಬ್ಬ ಕಣ್ಣು ಕುಕ್ಕುವಷ್ಟು ಬಿಳುಪಾಗಿ ಕಂಡಿರಬೇಕು. ನಮ್ಮದೋ ಗೆಬರಿದಲ್ಲೆಲ್ಲ ಕೆಂಪು. ಮಾದರಿಯಲ್ಲಿ ಕಲ್ಲಿನ ಬುಡ ಸವೆದಲ್ಲೆಲ್ಲ ಕವಳದ ಸುಣ್ಣ ತಿಕ್ಕಿದ್ದೇನೆ. ಹುಲ್ಲಿಗೆ ಮರದ ಮಿಲ್ಲಿನ ಹೊಟ್ಟು. ಆದರೆ ಹೊಟ್ಟು ಮತ್ತು ಅಂಟು ಸೇರಿದ ಮೇಲೆ ಶಿರಸಿಯ ಮಳೆಗಾಲದಲ್ಲಿ ಬೂಷ್ಟು ಬರದೆ ಇರುವುದುಂಟೇ? ತೋಟದ ಮನೆಯವನಿಗೆ ಇದರ ಮದ್ದು ಹೊಸತಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ, ಅಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಡ್ರಮ್ಮಿನಲ್ಲಿ ಉಳಿಸಿಹೋದ ತಳದಲ್ಲಿ ಹೊಟ್ಟನ್ನು ಅದ್ದಿ ಒಣಗಿಸಿದೆ. ಬೂಷ್ಟೂ ಬರಲಿಲ್ಲ, ತಿಳಿನೀಲಿ ಬಣ್ಣವೂ ಬಂತು. ಅದಕ್ಕೆ ಸ್ವಲ್ಪ ಹಳದಿ ಬಣ್ಣ ಸೇರಿಸಿದರೆ ಇಂಗ್ಲೆಂಡಿನ ಹುಲ್ಲು.

ಕೈಗೆ ಮಾತ್ರ ತಿಳಿಯುವುದು ಏನು ಎಂದು ಕೇಳುವವರಿಗೆ ನಾನು ತೋರಿಸುವುದು ತೊಲೆಗಳನ್ನು. ಪ್ರತಿ ಕಂಬದ ತಲೆಯ ಮೇಲೆ ಗುಬುಟು, ತೊಲೆಯ ಅಡಿಯಲ್ಲಿ ಅದಕ್ಕೆ ಕೂರುವ ಗುಳಿ. ತೊಲೆ ತೊಲೆ ಸೇರುವಲ್ಲಿ ಒಂದರ ನಾಲಿಗೆ ಇನ್ನೊಂದರ ಸೀಳಿನೊಳಗೆ. ಇದೆಲ್ಲ ಕಲ್ಲುಕುಟಿಗರ ಜಾಣ್ಮೆಯಲ್ಲ, ಬಡಗಿಯದು. ಮರದಲ್ಲಿ ಕಲಿತದ್ದನ್ನು ಕಲ್ಲಿನಲ್ಲಿ ಮಾಡಿದ್ದಾರೆ, ಅದೂ ಕಬ್ಬಿಣವಿಲ್ಲದ ಕಾಲದಲ್ಲಿ, ಕಲ್ಲಿನ ಗುಂಡಿನಿಂದಲೇ ಕುಟ್ಟಿ ಕುಟ್ಟಿ. ಒಂದೊಂದು ತೊಲೆಯೂ ವೃತ್ತದ ಬಾಗನ್ನು ಹೊಂದುವಂತೆ ಸ್ವಲ್ಪ ಬಾಗಿದೆ. ನನ್ನ ತೊಲೆ ಆರೂವರೆ ಸೆಂಟಿಮೀಟರ್ ಉದ್ದ. ಒಂದೊಂದರಲ್ಲೂ ಒಂದು ಮಿಲಿಮೀಟರ್ ಹೆಚ್ಚಾದರೆ ಸುತ್ತು ಮುಗಿಯುವ ಹೊತ್ತಿಗೆ ಮೂರು ಸೆಂಟಿಮೀಟರ್ ತಪ್ಪುತ್ತದೆ, ಕೊನೆಯ ತೊಲೆಗೆ ಜಾಗವೇ ಇಲ್ಲ. ನಾನಾದರೆ ಮರಳುಕಾಗದ ತೆಗೆದು ತಿಕ್ಕುತ್ತೇನೆ. ಆರೇಳು ಟನ್ನಿನ ತೊಲೆಯನ್ನು ನಾಲ್ಕು ಮೀಟರ್ ಮೇಲಕ್ಕೆ ಏರಿಸಿದ ಮೇಲೆ ಯಾರು ತಿಕ್ಕುತ್ತಾರೆ? ಮೊದಲ ಕಂಬದ ಗುಂಡಿ ತೋಡುವ ಮುಂಚೆಯೇ ಮೂವತ್ತನೆಯ ತೊಲೆಯ ಲೆಕ್ಕ ಯಾರದೋ ತಲೆಯಲ್ಲಿ ಇರಲೇಬೇಕು. ಓದಿದಾಗ ಇದು ನನಗೆ ಹೊಳೆದಿರಲಿಲ್ಲ.

ಇನ್ನೊಂದು, ಆ ನೆಲ ಓರೆ. ಆದರೂ ತೊಲೆಗಳ ಮೇಲ್ಮೈ ಹೆಚ್ಚುಕಡಿಮೆ ಮಟ್ಟಸ. ಗುಂಡಿಯ ಆಳ ಹೆಚ್ಚುಕಡಿಮೆ ಮಾಡಿ ಸರಿದೂಗಿಸಿದ್ದಾರೆ. ನಾನು ಗಾರೆಯವರ ನೀರು ತುಂಬಿದ ಲೆವೆಲ್ ಪೈಪ್ ಹಿಡಿದು ಹೆಣಗಿದೆ. ಅವರು ಏನು ಹಿಡಿದರೋ.

ತೊಲೆಯನ್ನು ಮೇಲೇರಿಸಿದ್ದು ಹೇಗೆ ಎಂಬುದಕ್ಕೆ ಎರಡು ವಾದಗಳಿವೆ. ಮಣ್ಣಿನ ಇಳಿಜಾರು ಕಟ್ಟಿ ಎಳೆದರು ಎನ್ನುವುದು ಒಂದು. ಸನ್ನೆಗೋಲಿನಿಂದ ಒಂದು ತುದಿ ಎಬ್ಬಿಸಿ ಅಡಿಗೆ ಮರದ ದಿಮ್ಮಿ ಕೊಟ್ಟು, ಮತ್ತೆ ಇನ್ನೊಂದು ತುದಿ ಎಬ್ಬಿಸಿ, ಹೀಗೆ ಅಟ್ಟ ಕಟ್ಟುತ್ತ ಏರಿಸಿದರು ಎನ್ನುವುದು ಇನ್ನೊಂದು. ನನ್ನ ಮತ ಎರಡನೆಯದಕ್ಕೆ. ಇಳಿಜಾರಿಗೆ ಬೇಕಾದ ಮಣ್ಣನ್ನು ಮೂವತ್ತು ಕಂಬದ ಸುತ್ತಲೂ ಹೊತ್ತು ತಿರುಗುವುದು ಯಾವ ಮೇಸ್ತ್ರಿಗೂ ಒಪ್ಪಿತವಾಗುವ ಕೆಲಸವಲ್ಲ.

ಮಾದರಿ ಮಾಡುವವನನ್ನು ನಿಜವಾಗಿ ಕಾಡುವ ಪ್ರಶ್ನೆ ಬೇರೆ: ಯಾವ ವರ್ಷದ ಸ್ಟೋನ್‌ಹೆಂಜ್? ಈಗ ಹೊರಸುತ್ತಿನ ಮೂವತ್ತರಲ್ಲಿ ನಿಂತಿರುವ ಕಂಬ ಹದಿನೇಳು. 1797ರ ಜನವರಿಯಲ್ಲಿ ಒಂದು ಟ್ರೈಲಿಥಾನ್ ಇಡಿಯಾಗಿ ಬಿತ್ತು, 1958ರಲ್ಲಿ ಕ್ರೇನ್ ತಂದು ಎತ್ತಿ ನಿಲ್ಲಿಸಿದರು. ಎಲ್ಲಕ್ಕಿಂತ ಎತ್ತರದ ಟ್ರೈಲಿಥಾನಿನಲ್ಲಿ ಉಳಿದ ಒಂಟಿ ಕಂಬ ಓರೆಯಾಗಿತ್ತು, 1901ರಲ್ಲಿ ನೆಟ್ಟಗೆ ಮಾಡಿದರು. ಅದರ ನೆತ್ತಿಯ ಗುಬುಟು ಇವತ್ತಿಗೂ ತೊಲೆಯಿಲ್ಲದೆ ಬರಿದಾಗಿ ಕಾಣುತ್ತದೆ. ಅಂದರೆ ಫೋಟೋದಲ್ಲಿ ನಾವು ನೋಡುವುದೂ ಕ್ರಿ.ಪೂ. ಕಾಲದ್ದಲ್ಲ, ಇಪ್ಪತ್ತನೆಯ ಶತಮಾನ ನೆಟ್ಟಗೆ ನಿಲ್ಲಿಸಿದ್ದು. ಎಲ್ಲ ಕಲ್ಲುಗಳನ್ನೂ ಇಟ್ಟು ಪೂರ್ಣ ಮಾಡೋಣವೆಂದರೆ, ಸುತ್ತು ಎಂದಾದರೂ ಪೂರ್ಣವಾಗಿತ್ತೇ ಎಂಬುದೇ ವಾದ. ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಕೊಟ್ಟ ಸಂಖ್ಯೆಗಳಿಂದಲೇ ಇಂದಿಗೂ ಈ ಕಲ್ಲುಗಳನ್ನು ಗುರುತಿಸುತ್ತಾರೆ. ಅವುಗಳಲ್ಲಿ 11ನೆಯದು ಉಳಿದವುಗಳ ಮುಂದೆ ಕುಳ್ಳ, ಸಣಕಲು. ಅದು ತೊಲೆ ಹೊರುವುದಾದರೂ ಹೇಗೆ? ಇನ್ನೊಂದು ಕಡೆ, 2013ರ ಬೇಸಿಗೆಯಲ್ಲಿ ನೀರು ಬಿಡುವ ಪೈಪ್ ಉದ್ದ ಸಾಲದೆ ಹುಲ್ಲಿನ ಒಂದು ಭಾಗ ಒಣಗಿತು. ಕಲ್ಲು ಇಲ್ಲದ ಕೆಲವು ಜಾಗಗಳಲ್ಲಿ ಹುಲ್ಲು ಬೇರೆಯೇ ಬಣ್ಣಕ್ಕೆ ತಿರುಗಿ, ಅಲ್ಲಿ ಹಿಂದೆ ಗುಂಡಿಗಳಿದ್ದವೆಂದು ತೋರಿಸಿತು. ಸುತ್ತು ಪೂರ್ತಿಯಾಗಿತ್ತು ಎನ್ನುವವರಿಗೆ ಬಲ ಬಂತು. ಪೈಪ್ ಗಿಡ್ಡವಾದದ್ದರಿಂದ ಇಷ್ಟು ಲಾಭವಾದ ಉದಾಹರಣೆ ನಮ್ಮ ತೋಟಗಳಲ್ಲಿ ಇಲ್ಲ.

ಹಾಗಾಗಿ ನಾನು ಹಲಗೆಯ ಮೇಲೆ ಈಗಿನ ಸ್ಥಿತಿಯನ್ನಿಟ್ಟು, ಕಾಣೆಯಾದ ಕಲ್ಲುಗಳನ್ನು ಮಾಡಿ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಬುಡದಲ್ಲಿ ಪೆಟ್ರಿಯ ಸಂಖ್ಯೆ ಬರೆದಿದೆ. ತಂಗಿಯ ಮಕ್ಕಳು ರಜೆಗೆ ಬಂದಾಗ ಜೋಡಿಸುತ್ತಾರೆ. 11ರ ಮೇಲೆ ತೊಲೆ ಕೂರಿಸಲು ಅವರು ಬೆಂಕಿಕಡ್ಡಿ, ಅಡಿಕೆ ಚೂರು ಎಲ್ಲ ಒತ್ತು ಕೊಟ್ಟು ನೋಡಿದ್ದಾರೆ. ವಿದ್ವಾಂಸರ ಪರಿಸ್ಥಿತಿಯೂ ಹೆಚ್ಚು ಬೇರೆಯಿಲ್ಲ.

ಕಲ್ಲುಗಳು ಬಂದ ಕತೆ ಬರೆಯ ಹೊರಟರೆ ಇನ್ನೊಂದು ಬರಹವೇ ಬೇಕು. ದೊಡ್ಡವು ಸುಮಾರು 25 ಕಿಲೋಮೀಟರ್ ದೂರದ ವೆಸ್ಟ್ ವುಡ್ಸ್‌ನವು ಎಂದು 2020ರಲ್ಲಿ ಗೊತ್ತಾಯಿತು. 1958ರ ದುರಸ್ತಿಯಲ್ಲಿ ಒಂದು ಕಲ್ಲಿನಿಂದ ಕೊರೆದು ತೆಗೆದಿದ್ದ ತುಂಡನ್ನು, ಆಗ ಕೆಲಸ ಮಾಡಿದವರೊಬ್ಬರು ಅಷ್ಟು ವರ್ಷ ಇಟ್ಟುಕೊಂಡಿದ್ದು ಹಿಂದಿರುಗಿಸಿದ್ದರಿಂದ. ದೊಡ್ಡವುಗಳ ನಡುವೆ ನಿಂತ ಚಿಕ್ಕ ನೀಲಿಗಲ್ಲುಗಳು ವೇಲ್ಸ್‌ನ ಪ್ರೆಸೆಲಿ ಬೆಟ್ಟಗಳಿಂದ. ನಡುವಿನಲ್ಲಿ ಮಲಗಿರುವ ಆಲ್ಟರ್ ಸ್ಟೋನ್ ಸ್ಕಾಟ್ಲೆಂಡಿನ ಈಶಾನ್ಯದಿಂದ, ಕಡಿಮೆಯೆಂದರೂ 750 ಕಿಲೋಮೀಟರ್ ಎಂದು 2024ರ ಸಂಶೋಧನೆ. ಶಿರಸಿಯಿಂದ ಬೆಂಗಳೂರಿಗೆ ಹೋಗಿ ಬಂದಷ್ಟು ದಾರಿ, ಆರು ಟನ್ ಕಲ್ಲಿನ ಜೊತೆ.

ಇಷ್ಟೆಲ್ಲ ಕೇಳಿಯೂ ಬಿಡದವರು ಕೆಲವರಿದ್ದಾರೆ, ಓದಿಕೊಂಡವರು. "ನಿಲ್ಲಿಸಿದ ಕಲ್ಲೇ ಬೇಕೆಂದರೆ ಹೊಸನಗರದ ನಿಲಸ್ಕಲ್ ಇದೆ, ಹಿರೇಬೆಣಕಲ್ಲಿನ ಕಲ್ಲುಮನೆಗಳಿವೆ" ಎನ್ನುತ್ತಾರೆ. ಮಾತು ನ್ಯಾಯವೇ. ಹಿರೇಬೆಣಕಲ್ ಆಸೆ ಹುಟ್ಟಿಸುತ್ತದೆ, ಆದರೆ ಅದಕ್ಕೆ ಒಂದು ಬೆಟ್ಟವನ್ನೇ ಮಾಡಬೇಕು. ನಿಲಸ್ಕಲ್‌ನವು ಕೊರೆಯದ, ಕೂಡಿಸದ ಬಂಡೆಗಳು. ಅಲ್ಲಿನ ಸಾಲುಗಳು ಅತಿ ದೀರ್ಘ ಹಗಲಿನ, ಅತಿ ಚಿಕ್ಕ ಹಗಲಿನ ಸೂರ್ಯನ ದಿಕ್ಕಿಗೆ ಹೊಂದುತ್ತವೆ ಎಂದು ಸಂಶೋಧಕರು ತೋರಿಸಿದ್ದಾರೆ. ಅದಕ್ಕೆ ಮಾದರಿಗಿಂತ ದಿಕ್ಸೂಚಿ ಹಿಡಿದು ಹೋಗಿ ನಿಲ್ಲುವುದೇ ಮೇಲು.

ಸೂರ್ಯನ ವಿಷಯದಲ್ಲಿ ಮಾತ್ರ ನಾನು ಇಂಗ್ಲೆಂಡಿಗೆ ದ್ರೋಹ ಮಾಡಿದ್ದೇನೆ, ಬೇಕೆಂದೇ. ಸ್ಟೋನ್‌ಹೆಂಜ್‌ನ ನಡುಗೆರೆ ಒಂದು ಕಡೆ ಜೂನ್ 21ರ ಸುಮಾರಿನ ಸೂರ್ಯೋದಯಕ್ಕೂ ಇನ್ನೊಂದು ಕಡೆ ಡಿಸೆಂಬರ್ 21ರ ಸುಮಾರಿನ ಸೂರ್ಯಾಸ್ತಕ್ಕೂ ಮುಖ ಮಾಡಿದೆ. ಅಲ್ಲಿ ಆ ಸೂರ್ಯ ಪೂರ್ವದಿಂದ ಉತ್ತರಕ್ಕೆ ಸುಮಾರು 40 ಡಿಗ್ರಿ ಸರಿದು ಹುಟ್ಟುತ್ತಾನೆ. ಶಿರಸಿ ಸಮಭಾಜಕಕ್ಕೆ ಹತ್ತಿರ. ಹುಟ್ಟುವಾಗ, ಮುಳುಗುವಾಗ ನಮ್ಮ ಸೂರ್ಯ ಸುಮಾರು 24 ಡಿಗ್ರಿಗಿಂತ ಆಚೆ ಹೋಗುವುದಿಲ್ಲ. ಅಲ್ಲಿನ ದಿಕ್ಕಿನಲ್ಲೇ ಹಲಗೆ ಇಟ್ಟರೆ ವರ್ಷದ ಯಾವ ದಿನವೂ ಬಿಸಿಲು ಆ ಗೆರೆಯಲ್ಲಿ ಮುಳುಗದು. ಆದ್ದರಿಂದ ಸುಮಾರು 15 ಡಿಗ್ರಿ ತಿರುಗಿಸಿಟ್ಟೆ. ಜೂನ್ ಸೂರ್ಯೋದಯದ ಆಸೆ ಮೊದಲೇ ಬಿಟ್ಟಿದ್ದೆ, ಆ ತಿಂಗಳಲ್ಲಿ ನಮಗೆ ಸೂರ್ಯ ಇದ್ದಾನೆಂಬುದೇ ನಂಬಿಕೆಯ ಮಾತು. ಡಿಸೆಂಬರ್ ಸಂಜೆ ಮೋಸವಿಲ್ಲ. ಜಗಲಿಯ ತೆರೆದ ಬದಿಯಿಂದ ಬಿಸಿಲು ಓರೆಯಾಗಿ ಬಂದು, ಡಬ್ಬಿಯ ಕಲ್ಲುಗಳನ್ನೂ ಜೋಡಿಸಿದ್ದರೆ, ಎತ್ತರದ ಟ್ರೈಲಿಥಾನಿನ ಸಂದಿಯಲ್ಲಿ ತೂರಿ ಕಿಟಕಿಯ ದಂಡೆಯ ತನಕ ಹೋಗುತ್ತದೆ. ಹೀಲ್ ಸ್ಟೋನ್ ಅಂದು ಸರಿಯಾದ ಜಾಗದಲ್ಲಿದ್ದರೆ ಅದಕ್ಕೆ ತಗಲುತ್ತದೆ. ನೋಡಬೇಕೆನ್ನುವವರು ಆ ವಾರ ಸೂರ್ಯ ಮುಳುಗುವ ಮುಂಚೆ ಬನ್ನಿ. ಅಂಗಳದಲ್ಲಿ ಅಡಿಕೆ ಹರವಿರುತ್ತದೆ, ದಯವಿಟ್ಟು ಬದಿಯಿಂದ ನಡೆಯಿರಿ.