ಹಿಂದಿನ ಬ್ರೇಕ್ ಟೈಟ್ ಮಾಡೂದು

ಇವತ್ತ ಮುಂಜಾನೆ ಪಿಕಪ್‌ನ ಹಿಂದಿನ ಡ್ರಮ್ ಬ್ರೇಕ್ ಅಡ್ಜಸ್ಟ್ ಮಾಡಿದೆ. ಪೆಡಲ್ ಭಾಳ ಕೆಳಗ ಹೋಗಾಕತ್ತಿತ್ತು, ಹ್ಯಾಂಡ್‌ಬ್ರೇಕೂ ಪೂರ್ತಿ ಮ್ಯಾಲೆ ಜಗ್ಗಿದ್ರ ಮಾತ್ರ ಹಿಡೀತಿತ್ತು, ಅಂದ್ರ ಲೈನರ್ (ಬ್ರೇಕ್ ಹಿಡಿಯೂ ಪಟ್ಟಿ) ಸವದು, ಗಾಲಿ ಜೋಡಿ ತಿರಗೂ ಡ್ರಮ್ಮಿಗೂ ಒಳಗ ಲೈನರ್ ಕುಂತಿರೂ ಶೂಗೂ ನಡುವ ಗ್ಯಾಪ್ ಜಾಸ್ತಿ ಆಗೇತಿ ಅಂತ. ಮುಂದಿನ ಗಾಲಿಗೆ ಕಲ್ಲ ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ಹಿಂದ ಜಾಕ್ ಹಚ್ಚಿ ಸ್ಟ್ಯಾಂಡ್ ಮ್ಯಾಲೆ ಕುಂದ್ರಿಸಿ, ಒಳಗಿನ ಪ್ಲೇಟಿನ ರಬ್ಬರ್ ಬೂಚ ತಗದು ಆ ಸಣ್ಣ ತೂತಿನ್ಯಾಗ ಸ್ಕ್ರೂಡ್ರೈವರ್ ಹಾಕಿ ಶೂ ಡ್ರಮ್ಮಿನ ಕಡೆ ಸರಸೂ ಹಲ್ಲಿನ ಚಕ್ರ ಒಂದೊಂದ ಹಲ್ಲ ತಿರುವಬೇಕು, ಟಕ್ ಟಕ್ ಅನ್ನೂದು ಕೈಗೇ ಗೊತ್ತಾಗತೈತಿ. ಗಾಲಿ ಹಿಡಿಯೂ ತನಕ ಟೈಟ್ ಮಾಡಿ ಆಮ್ಯಾಲೆ ಸ್ವಲ್ಪ ಸ್ವಲ್ಪ ಹಿಂದಕ್ಕ ಬಿಡೂದು, ಕೈಲೆ ತಿರುವಿದ್ರ ಗಾಲಿ ಆರಾಮ ತಿರಗಬೇಕು, ಲೈನರ್ ಸವರೂ ಸಪ್ಪಳ ಸಣ್ಣಗ ಕೇಳಬೇಕು ಅಷ್ಟ. ಹಂಗ ಟೈಟ್ ಬಿಟ್ರ ಡ್ರಮ್ ಕಾಯ್ತೈತಿ, ಲೈನರ್ ಜಲ್ದಿ ಹೋಗ್ತೈತಿ. ಎರಡೂ ಕಡೆ ಒಂದ ಸಮ ಇರಬೇಕ್ರಿ.

ಡ್ರಮ್ ಬಿಚ್ಚಿದ್ರ ಒಳಗಿನ ಧೂಳ ಮಾತ್ರ ಊದಬ್ಯಾಡ್ರಿ, ಹಳೇ ಲೈನರ್‌ನ್ಯಾಗ ಆಸ್ಬೆಸ್ಟಾಸ್ ಇರಬಹುದು, ಹಸಿ ಅರಬಿಲೆ ಒರಸ್ರಿ.

ಹುಬ್ಬಳ್ಳಿ ಅಮರಗೋಳ ಎಪಿಎಂಸಿಯಿಂದ ಉಳ್ಳಾಗಡ್ಡಿ ಹೇರಿಕೊಂಡು ಅಂಕೋಲಾ ಕಡೆ ಹೊಂಟ ಹುಡುಗರನ್ನ ನೋಡಿದಾಗೆಲ್ಲ, ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯೂವಾಗ ಇವರ ಹಿಂದಿನ ಬ್ರೇಕ್ ಹೆಂಗಿರತೈತೋ ಅಂತ ಜೀವ ಒಂಥರಾ ಆಗತೈತಿ, ಮನ್ಯಾಗ ಅವ್ವ-ಅಪ್ಪ ದಾರಿ ಕಾಯ್ತಿರತಾರ. ಪರಿಚಯದವರು ಯಾರರ ಘಾಟ್ ಕಡೆ ಲೋಡ್ ಒಯ್ಯೂರಿದ್ರ ಹಿಂದಿನ ದಿನ ಗಾಡಿ ತೊಗೊಂಡ ಬರ್ರಿ, ನಾನ ನೋಡಿ ಕೊಡ್ತೀನಿ, ರೊಕ್ಕ ಏನೂ ಬ್ಯಾಡ.