ನಾಟಕದ ಹಾಡುಗಳನ್ನು ಸಿನಿಮಾದಲ್ಲಿ ಯಾಕೆ ಬದಲಾಯಿಸುತ್ತಾರೆ?

"ನಾಟಕ ಅಷ್ಟು ಚೆನ್ನಾಗಿತ್ತು. ಸಿನಿಮಾ ಮಾಡುವಾಗ ಒಂದು ಹಾಡು ಕಿತ್ತುಹಾಕಿದ್ದಾರೆ, ಇನ್ನೊಂದನ್ನು ಎಲ್ಲಿಂದಲೋ ಎಲ್ಲಿಗೋ ಸಾಗಿಸಿದ್ದಾರೆ. ಇದ್ದದ್ದನ್ನು ಇದ್ದ ಹಾಗೇ ತೆಗೆದಿದ್ದರೆ ಆಗ್ತಿರಲಿಲ್ವಾ?"

ನ್ಯೂಯಾರ್ಕಿನ ರಂಗಮಂದಿರಗಳ ಬೀದಿ ಬ್ರಾಡ್‌ವೇ ಥರದ ಸಂಗೀತ ನಾಟಕಗಳ ಬಗ್ಗೆ ಬರೆಯುವ ನನಗೆ ಜಾಸ್ತಿ ಎದುರಾಗುವ ಪ್ರಶ್ನೆ ಇದು. ಕೇಳುವವರ ದನಿಯಲ್ಲಿ ಸ್ವಲ್ಪ ಸಿಟ್ಟೂ ಇರುತ್ತದೆ. ಮೆಚ್ಚಿಕೊಂಡ ಹಾಡು ಕಾಣೆಯಾದರೆ ಯಾರಿಗಾದರೂ ಬೇಜಾರಾಗುತ್ತದೆ.

ನಾನು ಹೇಳುವುದು ಇಷ್ಟು. ನಾಟಕದಲ್ಲಿ ಪ್ರೇಕ್ಷಕರೂ ಕೆಲಸ ಮಾಡುತ್ತಿರುತ್ತಾರೆ. ಸಿನಿಮಾದ ಸೆಟ್ಟಿನಲ್ಲಿ ಅವರು ಇರುವುದಿಲ್ಲ. ಅವರು ಮಾಡುತ್ತಿದ್ದ ಕೆಲಸವನ್ನು ಬೇರೆ ಏನಾದರೂ ಮಾಡಲೇಬೇಕು. ಬದಲಾವಣೆಗಳು ಹೆಚ್ಚಾಗಿ ಹುಟ್ಟುವುದೇ ಅಲ್ಲಿಂದ.

ಚಪ್ಪಾಳೆಯನ್ನೇ ತಗೊಳ್ಳಿ. ರಂಗದ ಮೇಲೆ ದೊಡ್ಡ ಹಾಡು ಮುಗಿಯುವ ರೀತಿಯೇ ಬೇರೆ. ಕೊನೆಯ ಸ್ವರ ಏರುತ್ತದೆ, ವಾದ್ಯಗಳು ಒಂದೇ ಏಟಿಗೆ ನಿಲ್ಲುತ್ತವೆ, ನಟಿ ಕೈ ಚಾಚಿ ನಿಂತುಬಿಡುತ್ತಾಳೆ. ಆಮೇಲೆ ಬರುವ ಚಪ್ಪಾಳೆಯಲ್ಲಿ ಅವಳಿಗೆ ಉಸಿರು ತಗೊಳ್ಳಲು ಸಮಯ ಸಿಗುತ್ತದೆ. ನಮಗೂ ಹಾಡಿನ ಗುಂಗಿನಿಂದ ಇಳಿದು ಮತ್ತೆ ಮಾತಿಗೆ ಬರಲು ಸಮಯ ಸಿಗುತ್ತದೆ. ಅದೇ ಮುಕ್ತಾಯವನ್ನು ಸಿನಿಮಾಕ್ಕೆ ಹಾಗೇ ತೆಗೆದರೆ, ಚಾಚಿದ ಕೈ ಮಾತ್ರ ಉಳಿಯುತ್ತದೆ. ಸುತ್ತ ಮೌನ. ಅದಕ್ಕೇ ಒಳ್ಳೆಯ ನಿರ್ದೇಶಕರು ಹಾಡಿನ ಕೊನೆಯ ಸಾಲು ಮುಗಿಯುವಷ್ಟರಲ್ಲಿ ಕಥೆಯನ್ನು ಮುಂದಕ್ಕೆ ಹೊರಡಿಸಿರುತ್ತಾರೆ.

ಇಲ್ಲಿ ಯಾರಾದರೂ 'ಹ್ಯಾಮಿಲ್ಟನ್' ನಾಟಕದ ಹೆಸರು ತೆಗೆಯುತ್ತಾರೆ. ಅದನ್ನು 2016ರಲ್ಲಿ ರಂಗದ ಮೇಲೇ ಚಿತ್ರೀಕರಿಸಿ 2020ರಲ್ಲಿ ಬಿಡುಗಡೆ ಮಾಡಿದರು. ಬಹಳ ಚೆನ್ನಾಗಿದೆ, ಅನುಮಾನವೇ ಇಲ್ಲ. ಆದರೆ ಅದರಲ್ಲಿ ಪ್ರೇಕ್ಷಕರು ಇದ್ದಾರೆ. ಅವರ ನಗು, ಚಪ್ಪಾಳೆ ಕೇಳಿಸುತ್ತದೆ. ಅದು ನಾಟಕದ್ದೇ ದಾಖಲೆ. ಪ್ರೇಕ್ಷಕರನ್ನು ಬಿಟ್ಟು, ಉಳಿದದ್ದನ್ನೆಲ್ಲ ಹಾಗೇ ಇಟ್ಟುಕೊಂಡರೆ ಏನಾಗುತ್ತದೆ ಎಂದು ನೋಡಬೇಕಾದರೆ 'ದಿ ಪ್ರೊಡ್ಯೂಸರ್ಸ್' ನೋಡಿ. 2001ರಲ್ಲಿ ಬ್ರಾಡ್‌ವೇಗೆ ಬಂದು ಅಮೆರಿಕದ ದೊಡ್ಡ ರಂಗ ಪ್ರಶಸ್ತಿಯಾದ ಟೋನಿಯನ್ನು 12 ವಿಭಾಗಗಳಲ್ಲಿ ಗೆದ್ದ ನಾಟಕ. 2005ರ ಸಿನಿಮಾಕ್ಕೂ ಅದೇ ನಿರ್ದೇಶಕಿ ಸೂಸನ್ ಸ್ಟ್ರೋಮನ್, ಅದೇ ಇಬ್ಬರು ಮುಖ್ಯ ನಟರು. ನನಗೆ ಅದು ಹಿಡಿಸಲಿಲ್ಲ. ಜನ ನಗಲಿ ಎಂದು ಬಿಟ್ಟ ಜಾಗಗಳಲ್ಲಿ ನಗುವವರಿಲ್ಲ. ಕೊನೆಯ ಸಾಲಿನಲ್ಲಿ ಕೂತವರಿಗೂ ಮುಟ್ಟಲಿ ಎಂದು ಕಟ್ಟಿದ ಅಭಿನಯ ಕ್ಲೋಸಪ್‌ನಲ್ಲಿ ಅತಿಯಾಯಿತು ಅನ್ನಿಸುತ್ತದೆ.

'ಲಿಟಲ್ ಶಾಪ್ ಆಫ್ ಹಾರರ್ಸ್' ಕಥೆ ಇದಕ್ಕಿಂತ ಸ್ವಾರಸ್ಯ. 1982ರ ನಾಟಕ. ಮನುಷ್ಯರನ್ನು ತಿನ್ನುವ ಒಂದು ಗಿಡ ಕೊನೆಗೆ ನಾಯಕ, ನಾಯಕಿ ಇಬ್ಬರನ್ನೂ ನುಂಗುತ್ತದೆ. ನಾಟಕ ನೋಡಿದವರು ಇದನ್ನು ಖುಷಿಯಾಗಿ ಒಪ್ಪಿಕೊಂಡಿದ್ದರು. ನಿರ್ದೇಶಕ ಫ್ರಾಂಕ್ ಓಝ್ 1986ರ ಸಿನಿಮಾದಲ್ಲಿ ಅದೇ ಕೊನೆಯನ್ನು ತುಂಬಾ ಖರ್ಚು ಮಾಡಿ ಚಿತ್ರೀಕರಿಸಿದರು. ಬಿಡುಗಡೆಗೆ ಮುಂಚೆ ಜನರಿಗೆ ತೋರಿಸಿದಾಗ ಯಾರಿಗೂ ಸಹಿಸಲಾಗಲಿಲ್ಲ. ಇಬ್ಬರೂ ಬದುಕುಳಿಯುವ ಹೊಸ ಕೊನೆ ಚಿತ್ರೀಕರಿಸಬೇಕಾಯಿತು. ಆಮೇಲೆ ಓಝ್ ಕೊಟ್ಟ ಕಾರಣ ನನಗೆ ಬಹಳ ಇಷ್ಟ. ನಾಟಕದಲ್ಲಿ ಸತ್ತವರು ಪರದೆ ಎಳೆದ ಮೇಲೆ ಹೊರಗೆ ಬಂದು ಕೈಮುಗಿಯುತ್ತಾರೆ. ಸಿನಿಮಾದಲ್ಲಿ ಅವರು ಬರುವುದೇ ಇಲ್ಲ. ಸತ್ತರೆ ಸತ್ತಂತೆಯೇ. ಸಾಲು ಬದಲಾಗಿರಲಿಲ್ಲ, ಕಥೆ ಬದಲಾಗಿರಲಿಲ್ಲ. ಆ ಕೈಮುಗಿಯುವ ಒಂದು ಗಳಿಗೆ ಇಲ್ಲದ್ದಕ್ಕೆ ತಮಾಷೆಯೇ ದುಃಖವಾಯಿತು.

ಇನ್ನು ಹಾಡಿಗೆ ಕಾರಣ ಹುಡುಕುವ ವಿಷಯ. ರಂಗದ ಮೇಲೆ ಒಬ್ಬ ಮನುಷ್ಯ ಮಾತಾಡುತ್ತಾ ಆಡುತ್ತಾ ಹಾಡಲು ಶುರುಮಾಡಿದರೆ ನಾವು ಒಪ್ಪುತ್ತೇವೆ. ಅಲ್ಲಿ ಮನೆಯೇ ಬಣ್ಣದ ಹಲಗೆ, ಹಾಡು ಯಾವ ಲೆಕ್ಕ? ಕ್ಯಾಮೆರಾ ಮುಂದೆ ನಿಜವಾದ ಬೀದಿ, ನಿಜವಾದ ಮಳೆ ಇರುತ್ತದೆ. ಅಲ್ಲಿ ಅದೇ ಹಾಡು ಅಸಹಜ ಅನ್ನಿಸಬಹುದು. 'ಕ್ಯಾಬರೇ' ಇದಕ್ಕೆ ಕಂಡುಕೊಂಡ ದಾರಿಗಿಂತ ಚೆನ್ನಾದದ್ದನ್ನು ನಾನು ನೋಡಿಲ್ಲ.

ಮೂಲ ನಾಟಕ 1966ರದ್ದು. ನಾಜಿಗಳು ಬೆಳೆಯುತ್ತಿದ್ದ ಕಾಲದ ಬರ್ಲಿನ್, ಅಲ್ಲಿನ ಒಂದು ನೈಟ್‌ಕ್ಲಬ್. ನಾಟಕದಲ್ಲಿ ಕ್ಲಬ್ಬಿನ ಒಳಗೂ ಹಾಡುಗಳಿದ್ದವು, ಹೊರಗೂ ಇದ್ದವು. ಬಾಡಿಗೆ ಮನೆ ನಡೆಸುವ ಹೆಂಗಸು, ಅವಳನ್ನು ಮೆಚ್ಚಿದ ಹಣ್ಣಿನ ವ್ಯಾಪಾರಿ ಕೂಡ ಹಾಡುತ್ತಿದ್ದರು. 1972ರಲ್ಲಿ ಸಿನಿಮಾ ಮಾಡಿದ ಬಾಬ್ ಫಾಸಿ ಅವನ್ನೆಲ್ಲ ಬಿಟ್ಟರು. ಪಾತ್ರಗಳು ಹಾಡುವುದು ಕ್ಲಬ್ಬಿನ ವೇದಿಕೆಯ ಮೇಲೆ ಮಾತ್ರ. ಒಂದೇ ಒಂದು ಹಾಡು ಹೊರಗೆ ನಡೆಯುತ್ತದೆ. ಬಯಲಿನ ಬಿಯರ್ ಗಾರ್ಡನ್‌ನಲ್ಲಿ ಒಬ್ಬ ಚೆಂದದ ಹುಡುಗ ಇಂಪಾಗಿ ಹಾಡುತ್ತಾನೆ. ಮೊದಲು ಮುಖ ಮಾತ್ರ ಕಾಣುತ್ತದೆ. ಕ್ಯಾಮೆರಾ ಕೆಳಗಿಳಿದಾಗ ನಾಜಿ ಸಮವಸ್ತ್ರ. ಕೂತವರು ಒಬ್ಬೊಬ್ಬರಾಗಿ ಎದ್ದು ದನಿ ಸೇರಿಸುತ್ತಾರೆ. ಒಬ್ಬ ಮುದುಕ ಮಾತ್ರ ಏಳುವುದಿಲ್ಲ. ಅಲ್ಲಿಯವರೆಗೂ ಹಾಡು ವೇದಿಕೆಯ ಮೇಲೇ ಇತ್ತಲ್ವಾ? ಈಗ ಅದು ಊರಿಗೆ ಇಳಿಯಿತು. ಹೆದರಿಕೆ ಆಗುವುದು ಅದಕ್ಕೇ. ಈ ಹಾಡು ನಾಟಕದಲ್ಲೂ ಇತ್ತು. ಆದರೆ ಸುತ್ತಲಿನ ಹಾಡುಗಳನ್ನು ತೆಗೆದ ಮೇಲೆ ಅದಕ್ಕೆ ಬಂದ ಬಲವೇ ಬೇರೆ.

'ಕ್ಯಾಬರೇ'ಗೆ ಹಾಡು ಕಟ್ಟಿದ ಜೋಡಿ ಕ್ಯಾಂಡರ್ ಮತ್ತು ಎಬ್ ಅವರ 'ಶಿಕಾಗೋ' 1975ರ ನಾಟಕ. 2002ರ ಸಿನಿಮಾದಲ್ಲಿ ಹಾಡುಗಳನ್ನು ಬಹುಪಾಲು ನಾಯಕಿ ರಾಕ್ಸಿಯ ಕಲ್ಪನೆಯೊಳಗೆ ಇಟ್ಟರು. ಅದೂ ಒಂದು ದಾರಿ.

ಕೆಲವೊಮ್ಮೆ ಇಷ್ಟೆಲ್ಲ ಬೇಕಾಗುವುದಿಲ್ಲ, ಹಾಡಿನ ಜಾಗ ಬದಲಾದರೆ ಸಾಕು. 'ದಿ ಸೌಂಡ್ ಆಫ್ ಮ್ಯೂಸಿಕ್' ಗೊತ್ತಲ್ಲ, ಅದರಲ್ಲಿ ಇಷ್ಟದ ವಸ್ತುಗಳನ್ನೆಲ್ಲ ನೆನೆಯುವ ಹಾಡಿದೆ. 1959ರ ನಾಟಕದಲ್ಲಿ ನಾಯಕಿ ಮರಿಯಾ ಅದನ್ನು ಹಾಡುವುದು ಮಠದಲ್ಲಿ, ಹಿರಿಯ ಸನ್ಯಾಸಿನಿಯ ಜೊತೆ. 1965ರ ಸಿನಿಮಾದಲ್ಲಿ ಗುಡುಗಿಗೆ ಬೆದರಿ ಅವಳ ಕೋಣೆಗೆ ಓಡಿಬಂದ ಮಕ್ಕಳಿಗೆ ಹಾಡುತ್ತಾಳೆ. ಹೆದರಿದ ಮಕ್ಕಳಿಗೆ ಸಮಾಧಾನ ಬೇಕು, ಹಾಡು ಅದನ್ನು ಕೊಡುತ್ತದೆ. ನಾಟಕದಲ್ಲಿ ಬೇರೆ ಕಡೆ ಇತ್ತು ಎಂದು ಹೇಳಿದರೆ ಎಷ್ಟೋ ಜನ ನಂಬುವುದೇ ಇಲ್ಲ.

ಹಾಗಂತ ಏನೂ ಕಳೆದುಹೋಗುವುದಿಲ್ಲ ಎಂದು ನಾನು ಹೇಳಲಾರೆ. ಸ್ಟೀಫನ್ ಸಾಂಡೈಮ್ ಅವರ 'ಸ್ವೀನಿ ಟಾಡ್' 1979ರ ನಾಟಕ. ಅದರಲ್ಲಿ ಇಡೀ ಮೇಳ ನಮ್ಮ ಮುಖ ನೋಡಿ ಸ್ವೀನಿ ಟಾಡ್ ಎಂಬ ಕೊಲೆಗಾರನ ಕಥೆ ಕೇಳಿ ಎಂದು ಹಾಡುತ್ತದೆ, ನಡುನಡುವೆ ಮತ್ತೆ ಮತ್ತೆ ಬರುತ್ತದೆ. 2007ರಲ್ಲಿ ಟಿಮ್ ಬರ್ಟನ್ ಮಾಡಿದ ಸಿನಿಮಾದಲ್ಲಿ ಆ ಹಾಡಿಗೆ ಮಾತಿಲ್ಲ, ರಾಗ ಮಾತ್ರ ವಾದ್ಯಗಳಲ್ಲಿ ಕೇಳುತ್ತದೆ. ಎದುರಿಗೆ ಜನವೇ ಇಲ್ಲದ ಮೇಲೆ ಮೇಳ ಯಾರನ್ನು ನೋಡಿ ಹಾಡಬೇಕು? ತೆಗೆದದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೂ ಪ್ರತಿ ಸಲ ಆ ಸಿನಿಮಾ ನೋಡುವಾಗ ಮೊದಲ ನಿಮಿಷದಲ್ಲಿ ನನ್ನ ಕಿವಿ ಆ ದನಿಗಳಿಗೆ ಕಾಯುತ್ತದೆ. ನಿಮಗೂ ಹಾಗಾದರೆ 1979ರ ಮೂಲ ತಂಡದ ಧ್ವನಿಮುದ್ರಣ ಇದೆ, ಹುಡುಕಿ ಕೇಳಿ.